ಮಣ್ಣಿಗೊಂದು ದಿನದ ರಜೆ

ಕನ್ನಡ ಮಾಸ್ತರನಾಗಿ ಊರ ಮಕ್ಕಳ ಒತ್ತಕ್ಷರ ತಿದ್ದುವುದರಲ್ಲೇ ಅರ್ಧ ಆಯುಷ್ಯ ಕಳೆದವನು ನಾನು. ಬರೆಯಲು ಕುಳಿತರೆ ತಪ್ಪುವುದಿಲ್ಲ, ಬಾಯಿ ತೆರೆದರೆ ಎಡವಟ್ಟು. ಗೆಳೆಯನ ಮದುವೆಯಲ್ಲಿ ಮದುಮಗನ ಕೈ ಹಿಡಿದು "ಇಂಥ ದಿನ ನಿನ್ನ ಬಾಳಿನಲ್ಲಿ ಮತ್ತೆ ಮತ್ತೆ ಬರಲಿ" ಎಂದು ಹಾರೈಸಿದವನು. ಪಕ್ಕದಲ್ಲಿದ್ದ ಮದುಮಗಳು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ನಾಲಿಗೆ ಒಳ್ಳೆಯದಾದರೆ ನಾಡೆಲ್ಲ ಒಳ್ಳೆಯದು ಎನ್ನುತ್ತಾರೆ. ನನ್ನ ನಾಲಿಗೆ ಕಟ್ಟಿಕೊಂಡ ಹೆಂಡತಿಯನ್ನು ಒಂದೇ ದಿನದಲ್ಲಿ ಎರಡು ಸಲ ಸಾಯಿಸಿತು. ಮೊದಲನೆಯದಕ್ಕೆ ಊರು ನಕ್ಕಿತು. ಎರಡನೆಯದು ಊರಿಗೆ ಗೊತ್ತಿಲ್ಲ.

ಇದಕ್ಕೆಲ್ಲ ಮೂಲ ಕಾಲುವೆ. ಶಹಾಪುರದ ಕಡೆ ಕಾಲುವೆಗೆ ಮೊದಲ ಸಲ ನೀರು ಬಿಟ್ಟಾಗ ನಾವೆಲ್ಲ ದಂಡೆಯ ಮೇಲೆ ಕಾಯಿ ಒಡೆದು ಕೈ ಮುಗಿದಿದ್ದೆವು. ನಾರಾಯಣಪುರದ ಅಣೆಕಟ್ಟಿನಿಂದ ಅಷ್ಟು ದೂರ ಬಂದ ಕೃಷ್ಣೆ ಹೊಲದಲ್ಲಿ ನಿಂತಿದ್ದರೆ ಚೆನ್ನಾಗಿತ್ತು. ನೆಲದೊಳಗೆ ಇಳಿದು, ತಗ್ಗಿನಲ್ಲಿದ್ದ ನಮ್ಮ ಮನೆಯ ಗೋಡೆ ಹತ್ತಿದಳು. ಬೇಸಿಗೆಯಲ್ಲೂ ನಡುಮನೆಯ ಕಲ್ಲುಹಾಸು ಬೆವರತೊಡಗಿತು. ಹೆಂಡತಿ ಶರಣಮ್ಮನಿಗೆ ಕೆಮ್ಮು ಹತ್ತಿತು, ಕೆಮ್ಮು ದಮ್ಮಾಯಿತು, ಕೊನೆಗೆ ಕಲಬುರಗಿಯ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇರಬೇಕಾಯಿತು. ಮನೆಗೆ ಕಳಿಸುವಾಗ ಡಾಕ್ಟರು, "ಒಣ ಜಾಗದಾಗ ಇಡ್ರಿ, ಗಾಳಿ ಬೆಳಕು ಇರ್ಲಿ" ಎಂದರು. ನನ್ನನ್ನು ಒಬ್ಬನನ್ನೇ ಪಕ್ಕಕ್ಕೆ ಕರೆದು ಇನ್ನೂ ಒಂದು ಮಾತು ಹೇಳಿದರು. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಹಿತ್ತಲ ದಿಬ್ಬದ ಮೇಲೆ ಹಳೆಯ ಕಲ್ಲಿನ ಖೋಲಿಯಿತ್ತು. ಒಣ ಜಾಗವೆಂದರೆ ಅದೊಂದೇ. ಆದರೆ ಅದಕ್ಕೆ ಕರೆಂಟಿರಲಿಲ್ಲ. ಬೇವಿನ ಮರದ ಮೇಲಿಂದ ವೈರು ಎಳೆಸಿದೆ. ಮರುದಿನವೇ ಗುಡ್ಡದ ಮಂಗಗಳು ಬಂದು ಅದಕ್ಕೆ ಜೋತುಬಿದ್ದು ಜೋಕಾಲಿ ಆಡಿ ಕಿತ್ತು ಹಾಕಿದವು. ಲೈಟಿನ ಕೆಲಸದ ಖಾಜಾಸಾಬ ತಲೆಯೆತ್ತಿ ಮರ ನೋಡಿದ, ತಲೆ ಬಗ್ಗಿಸಿ ನೆಲ ನೋಡಿದ. "ಮಂಗ್ಯಾನ ಕೂಡ ಜಗಳ ಬ್ಯಾಡ್ರಿ ಮಾಸ್ತರ. ನೆಲದಾಗ ಹುಗದುಬಿಡೂನು" ಎಂದ.

ಸರಿ, ಒಂದು ದಿನ ರಜೆ ಬೇಕು. ಶಾಲೆಯ ಜವಾನ ಮಾನಪ್ಪನಿಗೆ, "ನಾಳಿ ನಾ ಬರಂಗಿಲ್ಲಪಾ, ಮನ್ಯಾಗ ಮಣ್ಣಿನ ಕೆಲಸ ಅದ, ಹೆಡ್‌ಮಾಸ್ತರಿಗೆ ಹೇಳು" ಎಂದೆ. ನಮ್ಮ ಕಡೆ ಮಣ್ಣು ಎಂದರೆ ಏನೆಂದು ಎಳೆಮಗುವಿಗೂ ಗೊತ್ತು. ಯಾರಾದರೂ ತೀರಿಕೊಂಡರೆ ನಾವು ಹೋಗುವುದು ಮಣ್ಣಿಗೆ. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಇದ್ದದ್ದು ವೈರು ಮಾತ್ರ. ಮಾನಪ್ಪ ಸಪ್ಪಗಾಗಿ, "ಎಷ್ಟೊತ್ತಿಗ್ರಿ ಮಣ್ಣು?" ಎಂದ. "ಹತ್ತಕ್ಕ ತಗ್ಗು ತೋಡಾಕ ಹಚ್ಚತೀನಿ. ಮಧ್ಯಾಹ್ನದಾಗ ಮುಚ್ಚಿಬಿಡ್ತೀವಿ" ಎಂದೆ. "ಮಂದಿ ಬೇಕೇನ್ರಿ?" "ಬ್ಯಾಡೋ, ಇಬ್ಬರು ಸಾಕು." ಅವನು ಕಣ್ಣೊರೆಸಿಕೊಂಡ. ವೈರಿಂಗಿನ ಬಗ್ಗೆ ಇವನಿಗೆ ಇಷ್ಟೊಂದು ಕಾಳಜಿಯೇ ಎಂದು ಬೆರಗಾದೆ.

ಮರುದಿನ ಹನ್ನೊಂದರ ಸುಮಾರಿಗೆ ಹೆಡ್‌ಮಾಸ್ತರರು, ಡ್ರಾಯಿಂಗ್ ಮಾಸ್ತರರು, ಹಿಂದೆ ಮಾನಪ್ಪ, ಅವನ ಹಿಂದೆ ನಾಲ್ಕೈದು ಜನ ಓಣಿಯವರು ಚಪ್ಪಲಿ ಹೊರಗೆ ಬಿಟ್ಟು ಹಿತ್ತಲಿಗೆ ಬಂದರು. ಹೆಡ್‌ಮಾಸ್ತರರ ಕೈಯಲ್ಲಿ ಸೇವಂತಿಗೆಯ ದೊಡ್ಡ ಹಾರ. ನಾನು ಮೊಣಕಾಲುದ್ದದ ತಗ್ಗಿನಲ್ಲಿ ಮೈಯೆಲ್ಲ ಎರೆಮಣ್ಣು ಮಾಡಿಕೊಂಡು ನಿಂತಿದ್ದೆ. ಡ್ರಾಯಿಂಗ್ ಮಾಸ್ತರರು ನನ್ನನ್ನು ತಬ್ಬಿಕೊಂಡು, "ಧೈರ್ಯ ತಗೋರಿ" ಎಂದು ಅಳಲು ಶುರು ಮಾಡಿದರು. ಅಳುವವರನ್ನು ಕಂಡರೆ ನನಗೂ ಅಳು ಬರುತ್ತದೆ. ಕಾರಣ ಕೇಳದೆ ನಾನೂ ಅತ್ತೆ. ಅಷ್ಟರಲ್ಲಿ ಬೇವಿನ ಕೆಳಗೆ ಮಂಚದ ಮೇಲೆ ಮಲಗಿದ್ದ ಶರಣಮ್ಮ ಗದ್ದಲಕ್ಕೆ ಎದ್ದು ಕುಳಿತು, ಸೆರಗು ಸರಿಮಾಡಿಕೊಂಡು, ಹಾರದ ಕಡೆ ನೋಡಿದಳು.

"ಬರ್ರಿ ಸರ. ಯಾರದ್ರಿ ಮಣ್ಣು?"

ಹೆಡ್‌ಮಾಸ್ತರರು ಹಾರವನ್ನು ಬೆನ್ನ ಹಿಂದೆ ಸರಿಸಿ, "ಏನಿಲ್ರಿ ತಂಗಿ, ಹಂಗ ಬಂದಿದ್ವಿ" ಎಂದರು. ಅವರು ತೊದಲುವುದನ್ನು ನಾನು ಕಂಡದ್ದು ಅದೇ ಮೊದಲು. ಶರಣಮ್ಮನಿಗೆ ಎಲ್ಲ ತಿಳಿಯಿತು. ಉಸಿರು ಕಟ್ಟುವಷ್ಟು ನಕ್ಕಳು. "ತಂದಿದ್ದು ತಿರುಗಿ ಒಯ್ಯಬ್ಯಾಡ್ರಿ, ಹೂ ಚಲೋ ಅವ" ಎಂದು ಹಾರ ಇಸಕೊಂಡು ದೇವರ ಜಗುಲಿಗೆ ಹಾಕಿಸಿದಳು. ನನ್ನಿಂದ ಎಲ್ಲರಿಗೂ ಚಹಾ ಮಾಡಿಸಿದಳು. ಎಷ್ಟೋ ತಿಂಗಳ ನಂತರ ಅವಳು ಹಾಗೆ ನಕ್ಕದ್ದು. ಮಂದಿ ಹೋಗುವವರೆಗೂ ನನಗೆ ನನ್ನ ನಾಲಿಗೆಯ ಮೇಲೆ ಪ್ರೀತಿಯೇ ಉಕ್ಕಿತ್ತು.

ಅವರೆಲ್ಲ ಹೋದ ಮೇಲೆ ಖಾಜಾಸಾಬ ವೈರು ಬಿಚ್ಚುತ್ತ ಕೇಳಿದ: "ಪೈಪಿನ್ಯಾಗ ಹಾಕೂನೇನ್ರಿ, ಹಂಗ ಹುಗಿಯೂನೇನ್ರಿ? ಎರಿ ಮಣ್ಣು ಬ್ಯಾಸಗಿಗೆ ಬಿರಿತದ, ಮಳಿಗೆ ಉಬ್ಬತದ, ವೈರು ಜಗ್ಗಿ ಹರಿತದ. ಹಂಗ ಹುಗದ್ರ ಎರಡು ವರ್ಷ ಬಂದ್ರ ಭಾಳ."

"ಎರಡು ವರ್ಷ ಬಂದ್ರ ಸಾಕು ಬಿಡು" ಎಂದೆ.

ಜಿಪುಣತನಕ್ಕೆ ಅಂದ ಮಾತಲ್ಲ ಅದು. ಜಿಪುಣತನವಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದೂ ಅಷ್ಟೇ ವರ್ಷ. ಹಗಲೂ ರಾತ್ರಿ ಅದೇ ಮಾತು ತಲೆಯಲ್ಲಿ ಕೊರೆಯುತ್ತಿತ್ತು, ಬಾಯಿಗೆ ಬಂದುಬಿಟ್ಟಿತು. ಖಾಜಾಸಾಬನ ಕೈ ನಿಂತಿತು. ಮಂಚದ ಮೇಲಿನ ಕೆಮ್ಮೂ ನಿಂತಿತು.

"ಡಾಕ್ಟರ್ ಹಂಗಂದಾರೇನ್ರಿ?" ಎಂದಳು ಶರಣಮ್ಮ.

ಇಲ್ಲ ಎಂದರೆ ಮುಗಿಯುತ್ತಿತ್ತು. ಎರಡೇ ಅಕ್ಷರ. ಬೇಡದ್ದನ್ನೆಲ್ಲ ಆಡುವ ನಾಲಿಗೆ ಆ ಹೊತ್ತಿಗೆ ಮೇಲೇಳಲಿಲ್ಲ. ತಗ್ಗಿನೊಳಗೆ ನಿಂತು ಗುದ್ದಲಿಯ ಮಣ್ಣು ಕೆರೆಯುತ್ತ ಇದ್ದೆ. ಅವಳು ನನ್ನನ್ನೇ ನೋಡಿದಳು. ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

"ಎರಡು ವರ್ಷ ನಿಮಗ ಸಾಕಾಗಬೌದು. ನನಗ ಸಾಲಂಗಿಲ್ಲ" ಎಂದಳು. "ಹೋಗ್ರಿ, ಪೈಪ್ ತರ್ರಿ."

ಮೈಮೇಲಿನ ಮಣ್ಣನ್ನೂ ತೊಳೆಯದೆ ಸೈಕಲ್ ಹತ್ತಿದೆ. ಪೇಟೆಗೆ ಸುದ್ದಿ ಮುಟ್ಟಿತ್ತು, ತಿದ್ದುಪಡಿ ಇನ್ನೂ ಮುಟ್ಟಿರಲಿಲ್ಲ. ಪೈಪಿನ ಅಂಗಡಿಯವರು ನನ್ನ ಅವತಾರ ನೋಡಿ ಎದ್ದು ನಿಂತು, "ಹಿಂಗಾಗಬಾರದಿತ್ತು ಮಾಸ್ತರ" ಎಂದರು. ಹೌದ್ರಿ, ಆಗಬಾರದಿತ್ತು ಎಂದೆ. ಅದು ಸುಳ್ಳಲ್ಲ. ಎಲ್ಲಕ್ಕಿಂತ ಗಟ್ಟಿ ಪೈಪು ಕೊಡಿ ಎಂದು ಕೇಳಿದೆ. ಅವರು ಒಳಗಿನಿಂದ ಕಪ್ಪನೆಯ ದಪ್ಪ ಪೈಪೊಂದನ್ನು ತಂದು ನೆಲಕ್ಕೆ ಕುಟ್ಟಿ ತೋರಿಸಿದರು.

"ಇದನ್ನ ಒಯ್ರಿ. ನೀವು ಹೋದಮ್ಯಾಲೂ ಇರ್ತದ."

"ಅದನ್ನ ಕೊಡ್ರಿ" ಎಂದೆ.