ಪುಕ್ಕಲು ಪ್ರಾರ್ಥನೆ ಅಕ್ಕ

ನನ್ನನ್ನು ಕಂಡರೆ ದೆವ್ವಗಳಿಗೆ ಭಯ ಅಂತ ಹಿಂದೂಪುರದ ನಮ್ಮ ಬೀದಿಯಲ್ಲೊಂದು ನಂಬಿಕೆ. ದೆವ್ವ ಅಂದರೆ ನನಗೆಷ್ಟು ಭಯ ಅನ್ನೋದು ದೇವರೊಬ್ಬನಿಗೇ ಗೊತ್ತು. ನಾನು ರವಿಕೆ ಹೊಲಿಯೋಳು. ಬೀದಿ ತುಂಬ ನೇಯ್ಗೆಯವರ ಮನೆ, ನಡುವೆ ನಮ್ಮದೊಂದೇ ಕ್ರೈಸ್ತರ ಮನೆ. ಹಾಗಾಗಿ ಯಾರ ಮನೆಯಲ್ಲಿ ಏನು ಸದ್ದಾದರೂ "ಪ್ರಾರ್ಥನೆ ಅಕ್ಕನ್ನ ಕರೀರಿ" ಅಂತಾರೆ. ಹೋಗದೆ ಇರೋಕಾಗುತ್ತಾ?

ಆರದ ನಕ್ಷತ್ರ

ನಾವು ಈ ಬೀದಿಗೆ ಬಂದ ಮೇಲೆ ಮೊದಲ ಕ್ರಿಸ್‌ಮಸ್. ಮಹಡಿ ಮೇಲೆ ಕೆಂಪು ಕಾಗದದ ನಕ್ಷತ್ರ ಕಟ್ಟಿಸಿದ್ದೆ. ಸಂಜೆ ಮಬ್ಬಾಗುವ ಹೊತ್ತಿಗೆ ಕರೆಂಟು ಹೋಯಿತು. ಕರೆಂಟು ಮಗ್ಗಗಳೆಲ್ಲ ಒಮ್ಮೆಗೇ ನಿಂತು ಬೀದಿ ಉಸಿರು ಹಿಡಿದ ಹಾಗಾಯಿತು. ಎಲ್ಲೂ ಒಂದು ದೀಪವಿಲ್ಲ. ನಮ್ಮ ನಕ್ಷತ್ರ ಮಾತ್ರ ಉರಿಯುತ್ತಲೇ ಇತ್ತು.

ಜನ ಒಬ್ಬೊಬ್ಬರೇ ಹೊರಗೆ ಬಂದು ತಲೆಯೆತ್ತಿ ನಿಂತರು. ನಾಯಿಗಳೂ ಬೊಗಳಲಿಲ್ಲ. ಪಕ್ಕದ ಮನೆ ಅಕ್ಕ ಕೈ ಮುಗಿದು, "ಏನಮ್ಮಾ ಇದು?" ಅಂದಳು.

ನಾನು ಅವಳ ಬೆನ್ನ ಹಿಂದೆ ಸರಿದು ನಿಂತೆ. "ಯೇಸಯ್ಯ ಹುಟ್ಟಿದಾಗ್ಲೂ ಹಿಂಗೇ ಒಂದು ನಕ್ಷತ್ರ ಬಂದಿತ್ತಂತೆ ಅಕ್ಕಾ" ಅಂತ ಶುರು ಮಾಡಿದೆ. ಬೀದಿಯೆಲ್ಲ ಕೇಳುತ್ತಿತ್ತು. ಕತೆ ದನದ ಕೊಟ್ಟಿಗೆವರೆಗೆ ಬಂದಿತ್ತು, ಅಷ್ಟರಲ್ಲಿ ಅಕ್ಕನ ಯಜಮಾನರು ಅವರ ಮಹಡಿಯಿಂದ ಕೂಗಿದರು: "ನಮ್ ಇನ್ವರ್ಟರಿಗೆ ವೈರ್ ಕೊಟ್ಟೋನು ಯಾವನ್ಲಾ?"

ಎರಡೂ ಮನೆಯ ಮಹಡಿ ಅಂಟಿಕೊಂಡಿವೆ. ನಕ್ಷತ್ರ ಕಟ್ಟಿದ ವೈರಿನವನು ಅವರ ಮಹಡಿಯಲ್ಲಿ ಕೈಗೆ ಸಿಕ್ಕ ಪ್ಲಗ್ಗಿಗೆ ಸಿಕ್ಕಿಸಿ ಹೋಗಿದ್ದ. ನಾನು ಕೇಕಿನ ತಟ್ಟೆ ಹಿಡಿದು ಕ್ಷಮೆ ಕೇಳೋಕೆ ಹೋದರೆ ಅವರು ನಕ್ಕುಬಿಟ್ಟರು. "ಇರ್ಲಿ ಬಿಡಮ್ಮ. ದೇವ್ರು ನಿಮ್ದು, ಬ್ಯಾಟ್ರಿ ನಮ್ದು. ವರ್ಷಾ ವರ್ಷಾ ಹಾಕ್ಕಳಿ."

ಮಗ್ಗದ ಕೋಣೆ

ಆ ಯಜಮಾನರು ಎರಡೇ ವರ್ಷಕ್ಕೆ ಹೋಗಿಬಿಟ್ಟರು. ಎದೆನೋವು ಅಂತ ಕೂತವರು ಏಳಲಿಲ್ಲ. ಅವರ ಕೈಮಗ್ಗದ ಕೋಣೆಗೆ ಅಕ್ಕ ಬಾಗಿಲು ಹಾಕಿದಳು. ದಿನಾ ಮಧ್ಯಾಹ್ನ ನಾನು ರವಿಕೆಗಳನ್ನು ಎತ್ತಿಕೊಂಡು ಅವಳ ಮನೆಗೇ ಹೋಗಿ ಹುಕ್ಕು ಹಾಕುತ್ತಾ ಕೂರುತ್ತಿದ್ದೆ.

ಒಂದು ತಿಂಗಳಾಗಿರಬೇಕು. ಬಿರುಬಿಸಿಲಿನಲ್ಲಿ ಅಕ್ಕ ಬಿಳಿಚಿಕೊಂಡು ಬಂದಳು. "ಬಾಮ್ಮಾ. ಮಗ್ಗ ಆಡ್ತೈತೆ."

ಹಾಕಿದ ಬಾಗಿಲ ಮುಂದೆ ಇಬ್ಬರೂ ನಿಂತೆವು. ಒಳಗಿಂದ ಟಕ್. ಆಮೇಲೆ ಟಕ್ ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್.

"ಅವ್ರೇ ಕಣಮ್ಮ" ಅಂದಳು ಅಕ್ಕ, ನನ್ನ ಕೈ ಹಿಡಿದು. "ಪ್ರಾರ್ಥನೆ ಮಾಡು. ಆದ್ರೆ ಅವ್ರನ್ನ ಓಡಿಸ್ಬ್ಯಾಡ."

ನನಗೆ ಅಳು ಬಂತು. ಕಣ್ಣು ಮುಚ್ಚಿ "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂದೆ. ಮುಂದಿನದು ಒಂದಕ್ಷರ ನೆನಪಾಗಲಿಲ್ಲ. ಬಾಯಿಗೆ ಬಂದದ್ದು ನಾವು ದಿನಾ ಊಟಕ್ಕೆ ಮುಂಚೆ ಹೇಳೋದು: "ನೀನು ಕೊಟ್ಟ ಈ ಆಹಾರಕ್ಕಾಗಿ ಸ್ತೋತ್ರ, ಇದನ್ನು ಆಶೀರ್ವದಿಸು, ಆಮೆನ್."

ಅಕ್ಕ ಬಾಗಿಲು ತಳ್ಳಿದಳು. ಮಗ್ಗದಡಿ ಕಾಲಿಡೋ ಗುಂಡಿಯಿಂದ ದಪ್ಪನೆಯ ಕೋಳಿಯೊಂದು ಎದ್ದು ನಮ್ಮ ಕಡೆಗೇ ನಡೆದು ಬಂತು. ಮುರಿದ ಕಿಟಕಿಯಿಂದ ನುಗ್ಗಿ ಅಲ್ಲಿದ್ದ ತಗಡಿನ ಡಬ್ಬ ಕುಕ್ಕುತ್ತಿತ್ತು ಪುಣ್ಯಾತ್ಗಿತ್ತಿ!

ಅಕ್ಕ ಕೋಳಿಯನ್ನು ನೋಡಿದಳು, ನನ್ನನ್ನು ನೋಡಿದಳು. ಗಂಡ ಹೋದ ಮೇಲೆ ಮೊದಲ ಸಲ ನಕ್ಕಳು. "ನಿಮ್ ದೇವ್ರು ಬಲೇ ಫಾಸ್ಟ್ ಕಣಮ್ಮ. ಆಮೆನ್ ಅನ್ನೋದ್ರೊಳಗೆ ಊಟ ಕಳಿಸ್ಬುಟ್ಟ!"

ಕಲ್ಯಾಣದುರ್ಗದ ಕಲ್ಲು

ನನ್ನ ತವರು ಕಲ್ಯಾಣದುರ್ಗ. ಅಮ್ಮ ತೀರಿಹೋಗಿ ವರ್ಷವಾದ ಪ್ರಾರ್ಥನೆಗೆ, ಊಟಕ್ಕೆ ಅಂತ ಅಕ್ಕನನ್ನೂ ಕರೆದುಕೊಂಡು ಹೋದೆ. ಮೊದಲು ಸಮಾಧಿಗೆ ಹೂ ಇಡೋಣ ಅಂತ ಬಸ್ಸಿಳಿದು ನೇರ ಅಲ್ಲಿಗೇ ಹೋದೆವು. ಅಮ್ಮನ ಕಲ್ಲು ಅಲ್ಲಿಂದಲೇ ತೋರಿಸಿ ನಾನು ಗೇಟಿನ ಹತ್ತಿರ ಹೂ ಕೊಳ್ಳುತ್ತಿದ್ದೆ, ಅಕ್ಕ ಒಳಗೆ ನಡೆದಳು. ನಡುಮಧ್ಯಾಹ್ನ. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಅಮ್ಮನ ಕಲ್ಲಿನ ಮೇಲೆ ಎರಡು ಫೋಟೋ ಇವೆ: ಅಮ್ಮನದು, ಪಕ್ಕದಲ್ಲಿ ಗಿರಿಜಾ ಮೀಸೆಯ ಅಪ್ಪನದು. ಅಕ್ಕ ಬಗ್ಗಿ ಅದನ್ನೇ ನೋಡುತ್ತಿದ್ದಾಗ ಹಿಂದಿನಿಂದ ಯಾರೋ ಮೆಲ್ಲಗೆ, "ಒಸಿ ಸರ್ಕಮ್ಮ, ನಂದಕ್ಕೂ ಸುಣ್ಣ ಹೊಡೀಬೇಕು" ಅಂದರು. ತಿರುಗಿದರೆ ಮೈಯೆಲ್ಲ ಬಿಳಿ, ಅದೇ ಮೀಸೆ.

"ದೇವುಡಾ!" ಅಂತ ಅಕ್ಕ ಓಡಿ ಬಂದ ರಭಸಕ್ಕೆ ನಾನು, ಹೂವು ಎಲ್ಲ ನೆಲಕ್ಕೆ.

ಅಪ್ಪ ಬದುಕಿದ್ದಾರೆ, ಎರಡು ಸಲ ಕೆತ್ತಿಸೋ ತಾಪತ್ರಯ ಬೇಡ ಅಂತ ಮುಂಚೆಯೇ ಹೆಸರು, ಫೋಟೋ ಹಾಕಿಸಿದ್ದಾರೆ ಅಂತ ನಂಬಿಸುವಷ್ಟರಲ್ಲಿ ಸಾಕುಸಾಕಾಯಿತು. ಅಪ್ಪ ಸುಣ್ಣದ ಬಕೆಟ್ಟು ಇಳಿಸಿ ಹತ್ತಿರ ಬಂದರು. "ಹೆದ್ರುಕೋಬ್ಯಾಡ ಕಣಮ್ಮ. ಬಸ್ಸಿನ ಕಿಟಕೀಲಿ ಟವಲ್ ಹಾಕಿ ಸೀಟ್ ಹಿಡೀತೀವಲ್ಲ, ಅಂಗೇ ಇದು. ನಾನಿನ್ನೂ ಹತ್ತಿಲ್ಲ."

"ಹೋಗಾಕೆ ಭಯ ಇಲ್ವಾ ತಾತ?" ಅಂದಳು ಅಕ್ಕ.

"ಏನ್ ಭಯ? ಕರ್ಕೊಂಡೋಗೋನು ಗೊತ್ತಿರೋನೇ. ಅಲ್ಲಿ ಇವ್ಳೂ ಕಾಯ್ತವ್ಳೆ."

ಅಕ್ಕ ಕಲ್ಲಿನ ಮೇಲೆ ಕೈ ಇಟ್ಟು ನಿಂತಳು. ಆಮೇಲೆ ತಗ್ಗಿದ ದನಿಯಲ್ಲಿ, "ಹಂಗಾದ್ರೆ ತಾತ, ಅಲ್ಲಿ ನಮ್ಮನೆಯೋರು ಸಿಕ್ಕಿದ್ರೆ ಒಂದ್ಮಾತು ಕೇಳು" ಅಂದಳು.

ಅಪ್ಪ ಗಂಭೀರವಾಗಿ, "ಏನ್ ಕೇಳ್ಬೇಕಮ್ಮ?" ಅಂದರು.

"ಬೀರು ಬೀಗದ್ಕೈ ಎಲ್ಲಿ ಮಡಗಿದ್ದೀಯಾ ಅಂತ."

ಅಪ್ಪ ಮೀಸೆಯ ಸುಣ್ಣ ಒರೆಸಿಕೊಂಡರು. "ಕೇಳೋದೇನೋ ಕೇಳ್ತೀನಿ ಕಣಮ್ಮ. ಉತ್ತರ ಬೇಕಂದ್ರೆ ನೀನೇ ಅಲ್ಲಿಗೆ ಬರ್ಬೇಕಾಯ್ತದೆ!"