ಅರ್ಧ ಬರೆದರೆ ಸಾಕು

ನಾನು ಸೋಮಾರಿ. ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ, ನನ್ನ ಸೋಮಾರಿತನಕ್ಕೆ ಗಣಿತದ ಬೆಂಬಲವಿದೆ. ಗುಡ್ಡವೊಂದು ಜರಿಯುತ್ತದೆಯೇ ಎಂದು ತಿಳಿಯಲು ನಾವು ಇಂಜಿನಿಯರುಗಳು ಅದನ್ನು ಕಂಪ್ಯೂಟರಿನಲ್ಲಿ ಸಾವಿರಾರು ತುಂಡು ಮಾಡಿ, ಯಾವುದು ಯಾವುದನ್ನು ಎಷ್ಟು ತಳ್ಳುತ್ತದೆ ಎಂದು ದೊಡ್ಡ ಕೋಷ್ಟಕ ಬರೆಯುತ್ತೇವೆ. ಅದೇ ಮ್ಯಾಟ್ರಿಕ್ಸ್. ಇದು ಅದನ್ನು ತಳ್ಳಿದಷ್ಟೇ ಅದೂ ಇದನ್ನು ತಳ್ಳಿದರೆ ಸಿಮೆಟ್ರಿಕ್. ಅರ್ಧ ಬರೆದರೆ ಸಾಕು, ಉಳಿದರ್ಧ ಅದರ ಪಡಿಯಚ್ಚು. ಸಂಸಾರವನ್ನೂ ನಾನು ಹೀಗೆಯೇ ನಡೆಸಿದವನು. ನನಗೆ ಸೆಖೆಯಾದರೆ ಹೆಂಡತಿ ಸುಜಾತಳಿಗೂ ಸೆಖೆ, ಫ್ಯಾನು ಐದರಲ್ಲಿ.

ಮೊನ್ನೆ ವಾಮಂಜೂರಿನಲ್ಲಿ ಗುಡ್ಡದ ಬುಡ ಅಗೆಯುವ ಕೆಲಸವಿತ್ತು. ಮೇಲಂಚಿನಲ್ಲಿ ಲೀಲಕ್ಕನ ಮನೆ. ಜಾಗ ನೋಡಲು ಹೋದಾಗ ಆಕೆ ಬೆಲ್ಲ, ನೀರು ಕೊಟ್ಟು, "ನಮ್ಮ ಅಡುಗೆಕೋಣೆ ಕೆಳಗೆ ಬರ್ತದಾ ಎಂತ? ಸರಿ ನೋಡಿ ಹೇಳಿ, ಆಯ್ತಾ?" ಎಂದು ಫೋನ್ ನಂಬರು ಕೊಟ್ಟಿದ್ದರು. ಖಂಡಿತ ಹೇಳುತ್ತೇನೆ ಎಂದಿದ್ದೆ.

ಅಗೆಯುವ ದಿನ ಬೆಳಗ್ಗೆಯೂ ಜೆಪ್ಪುವಿನ ನಮ್ಮ ಆಫೀಸಿನಲ್ಲಿ ಲೆಕ್ಕ ಮುಗಿದಿರಲಿಲ್ಲ. ಉತ್ತರ ಪ್ರತಿ ಸುತ್ತಿಗೂ ಹತ್ತಿರ ಬಂದಂತೆ ಮಾಡಿ ತಪ್ಪಿಸಿಕೊಳ್ಳುತ್ತಿತ್ತು. ಹತ್ತು ನಿಮಿಷಕ್ಕೊಮ್ಮೆ ಗುತ್ತಿಗೆದಾರ ಶೆಟ್ಟರ ಫೋನು. "ಎಂತ ಮಾರಾಯ್ರೆ, ಮಿಷನ್ ಬಂದು ನಿಂತು ಆಯ್ತು. ಹನ್ನೆರಡಕ್ಕೆ ಶುರು ಮಾಡ್ತೇನೆ. ಬೇಡ ಅಂತಾದ್ರೆ ಈಗಲೇ ಹೇಳಿ!" ತಪ್ಪಿನ ಮಿತಿಯನ್ನು ತುಸು ಸಡಿಲಿಸಿದರೆ ಸಾಕು, ಕಂಪ್ಯೂಟರು ಆಯಿತು ಅನ್ನುತ್ತದೆ. ನನ್ನ ಬೆರಳು ಆ ಕಡೆ ಹೋದದ್ದೂ ನಿಜ.

ಆಗ ಪಕ್ಕದ ಮೇಜಿನ ವಿದ್ಯಾ ಭಟ್ ಎದ್ದು ಬಂದಳು. ಮಂತ್ರದಲ್ಲಿ ಒಂದು ಸ್ವರ ತಪ್ಪಿದರೂ ಮೊದಲಿನಿಂದ ಹೇಳಿಸುವ ಅರ್ಚಕರ ಮಗಳು.

"ಸರ್, ಇದು ಶೇಡಿ ಮಣ್ಣು, ನುಣ್ಣಗಿನ ಜೇಡಿ. ಉಜ್ಜಿಕೊಂಡು ಜಾರ್ತದೆ. ಆಚೆಯಿಂದ ಈಚೆಗೆ ತಳ್ಳುವುದು ಬೇರೆ, ಈಚೆಯಿಂದ ಆಚೆಗೆ ಬೇರೆ. ನೀವು ಸಿಮೆಟ್ರಿಕ್ ಹಾಕಿದ್ದೀರಲ್ಲ!"

"ಇಡೀ ಕೋಷ್ಟಕ ಮೆಮೊರಿಯಲ್ಲಿ ಹಿಡಿಯುವುದಿಲ್ಲ ಮಾರಾಯ್ತಿ!" ಎಂದು ರೇಗಿದೆ.

"ಹಿಡಿಸುವ. ದೂರದ ಮಣ್ಣಿಗೆ ಇಷ್ಟು ಸಣ್ಣ ತುಂಡು ಎಂತಕ್ಕೆ? ಮತ್ತೆ ಅಕ್ಕಪಕ್ಕದ ತುಂಡುಗಳಿಗೆ ಅಕ್ಕಪಕ್ಕದ ನಂಬರು ಕೊಡಿ. ಕೋಷ್ಟಕ ಸುಮ್ಮನೆ ಸೊನ್ನೆ ಹೊರುವುದು ತಪ್ತದೆ."

ಹಾಗೆಯೇ ಮಾಡಿದೆವು. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಮತ್ತೆ ಓಡಿಸಿದೆ. ನೋಡುತ್ತಿದ್ದಂತೆ ಏಳನೇ ಸುತ್ತಿಗೆ ಉತ್ತರ ನಿಂತಿತು. ಒಂದೇ ಸಲಕ್ಕೆ ಅಗೆದರೆ ಲೀಲಕ್ಕನ ಅಡುಗೆಕೋಣೆ ಉಳಿಯುವುದಿಲ್ಲ! ಶೆಟ್ಟರಿಗೆ ಫೋನ್ ಮಾಡಿ, "ನಿಲ್ಲಿಸಿ!" ಎಂದು ಕಿರುಚಿದೆ. ಅವರು ಬೈದರು, ಆದರೆ ನಿಲ್ಲಿಸಿದರು. ಇನ್ನು ಸ್ವಲ್ಪ ಸ್ವಲ್ಪವೇ ಅಗೆದು, ಅಲ್ಲಲ್ಲಿಗೇ ಗೋಡೆ ಕಟ್ಟುವುದೆಂದಾಯಿತು.

ಸಂಜೆ ಮನೆಯಲ್ಲಿ ಫ್ಯಾನಿನ ಕೆಳಗೆ ಕುಳಿತು ಸುಜಾತಳಿಗೆ ನನ್ನ ಸಾಹಸವನ್ನೆಲ್ಲ ಬಣ್ಣಿಸಿದೆ. ವಿದ್ಯಾಳ ಪಾತ್ರ ಅದರಲ್ಲಿ ಸ್ವಲ್ಪ ಚಿಕ್ಕದಾಗಿತ್ತು.

"ಲೀಲಕ್ಕನಿಗೆ ಹೇಳಿದ್ರಾ?" ಎಂದಳು.

"ಶೆಟ್ರಿಗೆ ಹೇಳಿದ್ದೇನಲ್ಲ. ಅವರಿಗೂ ಗೊತ್ತಾಗಿರ್ತದೆ."

ಅವಳು ನನ್ನ ಫೋನನ್ನು ಕೈಗಿತ್ತಳು. ಮೊದಲ ರಿಂಗಿಗೇ ಲೀಲಕ್ಕ ಎತ್ತಿದರು.

"ಬೆಳಗ್ಗೆಯಿಂದ ಪಾತ್ರೆ ಎಲ್ಲ ಅಂಗಳದಲ್ಲಿಟ್ಟು ಕಾಯ್ತಾ ಇದ್ದೇನೆ ಸರ್. ಒಳಗೆ ಇಡ್ಬಹುದಾ?"

"ಇಡಿ ಲೀಲಕ್ಕ," ಎಂದೆ. ತಪ್ಪಾಯಿತು ಎನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಆಕೆಯೇ, "ಪಾಪ, ನಿಮಗೆ ಊಟಕ್ಕೂ ಪುರುಸೊತ್ತು ಆಗ್ಲಿಲ್ವೋ ಏನೋ," ಎಂದರು.

ಫೋನಿಟ್ಟು ತಿರುಗಿದೆ. ಸುಜಾತ ಎಂದಿನಂತೆ ಗಾಳಿಗೆ ಸೆರಗನ್ನು ಕಿವಿಗೆ ಸುತ್ತಿಕೊಂಡು ಕುಳಿತಿದ್ದಳು. ಎದ್ದು ಹೋಗಿ ಫ್ಯಾನ್ ಆರಿಸಿದೆ.