ಸೂಪಾ ಕಚೇರಿಯ ಗುಪ್ತ ಲಕೋಟೆಗಳು

ಗುಟ್ಟು ಕಾಯುವವನು ಶಿವನೊಬ್ಬನೇ. ಸರಕಾರ ಆ ಕೆಲಸಕ್ಕೆ ಕೈಹಾಕಿದಾಗಲೆಲ್ಲ ಏನಾದರೊಂದು ನಡೆದೇ ತೀರುತ್ತದೆ. ಎರಡನೇ ಮಹಾಯುದ್ಧದ ಕಾಲಕ್ಕೆ ನಾನು ಸೂಪಾ ಕಚೇರಿಯಲ್ಲಿ ಕಾರಕೂನ. ಪೋರ್ತುಗೀಜರ ಗೋವಾ ನಮ್ಮ ಮಗ್ಗುಲಿಗೇ. ಹೀಗಾಗಿ ದಿಲ್ಲಿಯ ಗುಪ್ತ ಸುದ್ದಿ ಮುಂಬಯಿ, ಕಾರವಾರ ದಾಟಿ, ಅರಗಿನ ಮುದ್ರೆ ಹೊತ್ತು ನನ್ನ ಮೇಜಿಗೆ ಬರುತ್ತಿತ್ತು. ಅದನ್ನು ಕನ್ನಡಕ್ಕಿಳಿಸಿ ಹಳ್ಳಿಯ ಪಾಟೀಲರಿಗೆ ಕಳಿಸುವುದು ನನ್ನ ಕೆಲಸ.

೧. ಡಂಗುರ

ಮೊದಲ ಲಕೋಟೆ ಬಂತು: ವೈರಿಯ ಗೂಢಚಾರರು ಗಡಿಯಲ್ಲಿ ಸಣ್ಣ ವಾಯರ್‌ಲೆಸ್ ಯಂತ್ರ ಇಟ್ಟುಕೊಂಡು ಓಡಾಡುತ್ತಾರೆ, ಕಣ್ಣಿಡಿ, ಯಾರಿಗೂ ಹೇಳಬೇಡಿ. ಬರೆದು ಕಳಿಸಿದೆ. ಮೂರನೇ ದಿನ ಕಾಳಿ ನದಿಯಾಚೆಯ ಹಳ್ಳಿಯಲ್ಲಿ ಹಲಗೆ ಬಡಿದು ಸಾರಿದರು: "ಕೇಳ್ರಪೋ ಕೇಳ್ರಿ, ಇದು ಗುಪ್ತ ಸುದ್ದಿ..."

ನಮ್ಮ ಸಾಹೇಬರು ಆ ಊರಿನ ಪಾಟೀಲನನ್ನು ಕರೆಸಿದರು. "ಏನೋ ಪಾಟೀಲ, ಬುದ್ಧಿ ಐತೇನು ನಿನಗ?"

"ಸರಕಾರಿ ಕಾಗದ ಬಂದ್ರ ಡಂಗುರ ಹೊಡಸೂದು ಅಪ್ಪನ ಕಾಲದ ಪದ್ಧತಿರೀ. ಯಾರಿಗೂ ಹೇಳಬಾರದು ಅಂತ ಎಲ್ಲಾರಿಗೂ ತಿಳಿಸಬೇಕಲ್ರಿ?"

೨. ಕಟ್ಟಿಗೆ ವ್ಯಾಪಾರಿ

ಗುಟ್ಟು ಸೋರುವುದೆಲ್ಲಿ ಎಂದು ನೋಡಲು ಕಾರವಾರದಿಂದ ಅಧಿಕಾರಿಯೊಬ್ಬರು ವೇಷ ಮರೆಸಿ ಬಂದರು. ಬರುತ್ತಾರೆಂಬ ಲಕೋಟೆ, ದಾರಿಯಲ್ಲಿ ಆನೆ ನಿಂತಿದ್ದಕ್ಕೆ, ಅವರು ಬಂದ ನಾಲ್ಕು ದಿನಕ್ಕೆ ಬಂತು. ಅವರು ಕಟ್ಟಿಗೆ ವ್ಯಾಪಾರಿಯಾಗಿ ಚಹಾದಂಗಡಿಯಲ್ಲಿ ಕೂತಿದ್ದರು. ಅಂಗಡಿಯ ಮುಸಲ್ಮಾನ ಹಿರಿಯ ಕಪ್ಪು ಇಡುತ್ತ, "ಕಚೇರಿ ಆ ಕಡೆ ಐತ್ರಿ, ಸಾಹೇಬ್ರ" ಎಂದ.

"ನಿನಗ್ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ಎರಡು ದಿನ ಆತು, ಕಟ್ಟಿಗಿ ದರಾ ಒಮ್ಮೆನೂ ಕೇಳಲಿಲ್ಲಲ್ರಿ ನೀವು."

೩. ನದಿ ದಂಡೆಯ ಮನುಷ್ಯ

ಆ ಅಧಿಕಾರಿ ತಿರುಗಿ ಹೋಗಿ, ಗುಟ್ಟು ಸೋರುವುದು ಕಾರಕೂನನಿಂದ ಎಂದು ಬರೆದರು. ನನಗೆ ಭಟ್ಕಳಕ್ಕೆ ವರ್ಗ ಆಯಿತು. ಹದಿನಾಲ್ಕು ವರ್ಷ ಒಂದು ಅಮಾವಾಸ್ಯೆಯೂ ತಪ್ಪದೆ ಸೂಪಾ ಸೀಮೆಯೊಳಗಿನ ಉಳವಿಗೆ ನಡೆದು ಚನ್ನಬಸವಣ್ಣನ ದರ್ಶನ ಮಾಡಿದ್ದೆ. ಭಟ್ಕಳದಿಂದ ಹೇಗೆ ನಡೆಯಲಿ? "ಅಪ್ಪಾ, ನೀನs ದಾರಿ ತೋರಸು" ಎಂದು ಅವನ ಮೇಲೆ ಭಾರ ಹಾಕಿದೆ.

ಆ ವಾರವೇ ಡಂಗುರದ ಪಾಟೀಲ ಓಡಿ ಬಂದ. ಕೊಂಕಣಿ ಮಾತಿನವ, ಅವನ ಹಳ್ಳಿಯಲ್ಲಿ ಲಿಂಗಾಯತರ ಮನೆ ಒಂದೂ ಇರಲಿಲ್ಲ. "ಸಾಹೇಬ್ರ, ಮುಂಜಾನೆ ಮಂಜಿನ್ಯಾಗ ಈಚೆ ದಂಡಿಗೆ ಒಬ್ಬಾಂವ ಕೂಡ್ತಾನ್ರಿ. ಮೈಮ್ಯಾಲೆ ಅಂಗಿ ಇಲ್ಲ. ಅಂಗೈಯಾಗ ಕರೇದೊಂದು ಸಣ್ಣ ಸಾಮಾನು. ಅದನ್ನ ನೋಡಕೋತ ಗುಣುಗುಣು ಮಾತಾಡ್ತಾನ್ರಿ."

"ವಾಯರ್‌ಲೆಸ್!" ಎಂದು ಸಾಹೇಬರು ಎದ್ದು ನಿಂತರು. ದೇಶದ ಗತಿ ನೆನೆದು ನಾನೂ ಹೆದರಿ, ಯಾವ ದಿಕ್ಕು, ಯಾವ ಕೈ ಎಂದೆಲ್ಲ ಪಾಟೀಲನನ್ನು ಕೇಳಿ, ವರದಿಯನ್ನು ದುಂಡಗೆ ಬರೆದೆ. ಸಾಹೇಬರು ಸಹಿ ಹಾಕಿದರು. ವರದಿ ಕಾರವಾರ, ಮುಂಬಯಿ, ದಿಲ್ಲಿಗೆ ಹೋಯಿತು.

ದಿಲ್ಲಿಯಿಂದ ಅದೇ ಸುದ್ದಿ ಎಚ್ಚರಿಕೆಯಾಗಿ ತಿರುಗಿ ಬಂತು. ಸಾಹೇಬರಿಗೆ ಓದಿ ಹೇಳತೊಡಗಿದೆ: "ಕಾಳಿ ನದಿಯ ದಂಡೆಯಲ್ಲಿ, ಸೂರ್ಯೋದಯಕ್ಕೆ, ಪೂರ್ವಕ್ಕೆ ಮುಖ ಮಾಡಿ, ಎಡಗೈಯಲ್ಲಿ ಯಂತ್ರ ಹಿಡಿದು..." ಕಾಗದ ಕೆಳಗಿಟ್ಟೆ.

"ಯಾಕ್ರಿ, ಓದ್ರಿ ಮುಂದ."

"ಸಾಹೇಬ್ರ, ಅದು ಯಂತ್ರಲ್ರಿ, ಇಷ್ಟಲಿಂಗ. ಅಂವ ನಾನs ಅದೇನ್ರಿ."

"ವರದಿ ಬರಿಯುವಾಗ ತಿಳೀಲಿಲ್ಲೇನ್ರಿ?"

"ಪೂಜಾಕ ಕುಂತಾಗ ನಾ ಹೆಂಗ ಕಾಣತೇನಿ ಅಂತ ನನಗೇನ್ ಗೊತ್ರಿ?"

ಸಾಹೇಬರು ವರದಿಯ ನಕಲು ತೆಗೆದು ಅದರ ಮೇಲಿನ ತಮ್ಮ ಸಹಿ ನೋಡಿದರು. ಆಮೇಲೆ, "ಬರೀರಿ: ಆ ಮನುಷ್ಯಾ ಪತ್ತೆ ಆಗ್ಯಾನ. ದಿನಾ ಹನ್ನೊಂದರಿಂದ ಐದರ ತನಕ ನಮ್ಮ ಕಣ್ಣ ಮುಂದs ಇರ್ತಾನ" ಎಂದರು.

"ಸುಳ್ಳು ಬರಿಯೂದು ನನ್ನಿಂದ ಆಗೂದಿಲ್ರಿ."

"ಇದರಾಗ ಸುಳ್ಳು ಎಲ್ಲೈತಿ, ತೋರಸ್ರಿ."

ಶಬ್ದ ಶಬ್ದ ತಡಕಿದೆ, ಎಲ್ಲ ನಿಜವೇ. ಬರೆದೆ. ಉತ್ತರ ಬೇಗ ಬಂತು: ಸದರಿ ಮನುಷ್ಯನನ್ನು ಯಾವ ಕಾರಣಕ್ಕೂ ಸೂಪಾ ಸೀಮೆ ಬಿಟ್ಟು ಹೋಗಗೊಡಬಾರದು. ಅದನ್ನು ಕಣ್ಣಿಗೊತ್ತಿಕೊಂಡೆ. ಸಾಹೇಬರು ನನ್ನ ವರ್ಗದ ಹುಕುಮಿನ ಮೇಲೆ "ದಿಲ್ಲಿಯ ಆಜ್ಞೆಯಂತೆ ಬಿಡಲು ಬರುವುದಿಲ್ಲ" ಎಂದು ಬರೆದು ತಿರುಗಿ ಕಳಿಸಿದರು.

ಮುಂದಿನ ಅಮಾವಾಸ್ಯೆಗೆ ಉಳವಿಯ ಹಾದಿ ಹಿಡಿದೆ. ಹಿಂದೆ ಹೆಜ್ಜೆ ಸಪ್ಪಳ. ತಿರುಗಿದರೆ ಅದೇ ಪಾಟೀಲ.

"ಯಾಕೋ ತಮ್ಮಾ, ಎಲ್ಲಿಗೆ?"

ಅವನು ಹತ್ತಿರ ಬಂದು, ನನ್ನ ಬುತ್ತಿಗಂಟು ತನ್ನ ಹೆಗಲಿಗೆ ಹಾಕಿಕೊಂಡು, ಕಿವಿಯಲ್ಲಿ ಹೇಳಿದ: "ಸಾಹೇಬ್ರು ನಿಮ್ಮ ಮ್ಯಾಲೆ ನನ್ನ ಪಹರೆ ಹಾಕ್ಯಾರ್ರಿ. ಭಾಳ ಗುಪ್ತ ಐತಿ. ನಿಮಗಂತೂ ಹೇಳಲೇಬಾರದು ಅಂದಾರ."